ಕೀಮೋ ಬೇಕೇ, ಬೇಡವೇ? ನೂರು ಜನರ ಲೆಕ್ಕ



ಆರೋಗ್ಯ ಗೋಷ್ಠಿಯಲ್ಲಿ ಮಾತನಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಕರೆದದ್ದು ನಿಮಗೆ ವಿಚಿತ್ರ ಅನಿಸಿರಬಹುದು. ಬ್ರಿಟನ್ನಿನ ಕನ್ನಡಿಗರಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಈ ಸಭೆಯಲ್ಲೇ ಯಾವ ಸಾಲಿನ ಕಡೆ ಕೈ ತೋರಿಸಿದರೂ ಇಬ್ಬರು ಡಾಕ್ಟರು ಸಿಗುತ್ತಾರೆ. ಸಂಘದವರು ಫೋನ್ ಮಾಡಿದಾಗ ನಾನೂ ಟ್ಯಾಕ್ಸ್ ಬಗ್ಗೆ ಇರಬೇಕು ಅಂದುಕೊಂಡೆ. ಅಲ್ಲ, ನಿಮ್ಮ ಕಾಯಿಲೆಯ ಬಗ್ಗೆ ಮಾತನಾಡಿ ಅಂದರು.

ಮೂರು ವರ್ಷದ ಹಿಂದೆ, ನನಗೆ 45 ವರ್ಷವಾಗಿದ್ದಾಗ, ಎಡ ಸ್ತನದಲ್ಲಿ ಕ್ಯಾನ್ಸರ್ ಇದೆ ಎಂದು ತಿಳಿಯಿತು. ಆಪರೇಷನ್ ಆಯಿತು, ರೇಡಿಯೋಥೆರಪಿ ಆಯಿತು, ಮಾತ್ರೆ ಈಗಲೂ ನಡೆಯುತ್ತಿದೆ. ಕೀಮೋಥೆರಪಿ ಮಾತ್ರ ನಾನು ತೆಗೆದುಕೊಳ್ಳಲಿಲ್ಲ. ಯೋಚಿಸಿ, ಕೇಳಿ, ಲೆಕ್ಕ ಹಾಕಿ ಬೇಡ ಅಂದೆ. ಆದರೆ ನಾನು ಇಲ್ಲಿ ನಿಂತಿರುವುದಕ್ಕೆ ಕಾರಣ ಅದಲ್ಲ. ಅದಾದ ವರ್ಷದ ನಂತರ ಶಿವಮೊಗ್ಗದಿಂದ ಬಂದ ಒಂದು ಫೋನು ಕಾರಣ.

ಫೋನ್ ಮಾಡಿದವಳು ನಮ್ಮ ದೊಡ್ಡಮ್ಮನ ಮಗಳು. ನನಗಿಂತ ಎಂಟು ವರ್ಷ ದೊಡ್ಡವಳು. ಅವಳಿಗೂ ಸ್ತನ ಕ್ಯಾನ್ಸರ್, ಅವಳಿಗೂ ಆಪರೇಷನ್ ಆಗಿತ್ತು. ಡಾಕ್ಟರು ಕೀಮೋ ಹೇಳಿದ್ದರು. ಅವಳು ಫೋನಿನಲ್ಲಿ ಅಂದದ್ದು ಇಷ್ಟು: "ನೀನು ಕೀಮೋ ಇಲ್ಲದೇ ಆರಾಮಾಗಿದ್ದೀಯಲ್ಲೇ. ಲಂಡನ್ ಡಾಕ್ಟರೇ ಬೇಡ ಅಂದಮೇಲೆ ಇಲ್ಲಿಯವರ ಮಾತು ಯಾಕೆ ಕೇಳಬೇಕು? ನಾನೂ ಬೇಡ ಅಂತ ಹೇಳಿ ಬಂದೆ."

ನನ್ನ ಕೈಕಾಲು ತಣ್ಣಗಾದವು. ಎಚ್ಚರಿಕೆಯಿಂದ ತೆಗೆದುಕೊಂಡ ನನ್ನ ತೀರ್ಮಾನ ಮನೆಯವರ ಬಾಯಿಂದ ಬಾಯಿಗೆ ಹೋಗಿ, "ಕೀಮೋ ಬೇಕಾಗಿಲ್ಲ" ಎಂಬ ಸುದ್ದಿಯಾಗಿ ಶಿವಮೊಗ್ಗ ಮುಟ್ಟಿತ್ತು. ಅವಳ ರಿಪೋರ್ಟು ಬೇರೆ, ನನ್ನ ರಿಪೋರ್ಟು ಬೇರೆ. ಇವತ್ತು ನಾನು ಹೇಳಬೇಕಾದ ಮಾತು ಅದೊಂದೇ. ಕೀಮೋ ಬೇಕೇ ಎಂಬ ಪ್ರಶ್ನೆಗೆ ಉತ್ತರ ಕಾಯಿಲೆಯ ಹೆಸರಿನಲ್ಲಿ ಇಲ್ಲ, ಅವರವರ ರಿಪೋರ್ಟಿನಲ್ಲಿದೆ. ಆ ರಿಪೋರ್ಟನ್ನು ಓದಿಸಿಕೊಳ್ಳುವುದು ಹೇಗೆ, ಏನು ಕೇಳಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಾನು ಡಾಕ್ಟರಲ್ಲ. ನನ್ನ ಮಾತು ಕೇಳಿ ಯಾರೂ ಯಾವ ಔಷಧಿಯನ್ನೂ ಶುರು ಮಾಡಬೇಡಿ, ಬಿಡಬೇಡಿ. ಒಳ್ಳೆಯ ಪ್ರಶ್ನೆ ಕೇಳುವುದನ್ನು ಕಲಿತರೆ ಸಾಕು.

ಮೊದಲ ಕೆಲವು ವಾರಗಳು

ಬ್ರಿಟನ್ನಿನಲ್ಲಿ ಸುಮಾರು ಏಳು ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಸ್ತನ ಕ್ಯಾನ್ಸರ್ ಬರುತ್ತದೆ. ಆದರೆ ಎನ್‌ಎಚ್‌ಎಸ್‌ನವರು ಮ್ಯಾಮೊಗ್ರಾಮಿಗೆ ಕರೆಯುವುದು 50ರ ನಂತರ, ಮೂರು ವರ್ಷಕ್ಕೊಮ್ಮೆ. ಭಾರತದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಪತ್ತೆಯಾಗುತ್ತದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿಡಬೇಕು. ಕಾಗದ ಬರಲಿ ಎಂದು ಕಾಯಬೇಡಿ. ನನ್ನ ಗಂಟು ನನಗೇ ಸಿಕ್ಕಿದ್ದು, ಸ್ನಾನ ಮಾಡುವಾಗ. ಜಿಪಿ ಎರಡು ವಾರದೊಳಗೆ ಆಸ್ಪತ್ರೆಗೆ ಕಳಿಸಿದರು. ಒಂದೇ ದಿನ ಮ್ಯಾಮೊಗ್ರಾಮ್, ಸ್ಕ್ಯಾನ್, ಬಯಾಪ್ಸಿ ಮೂರೂ ಮುಗಿದವು.

ಅದು ನವೆಂಬರ್ ತಿಂಗಳು. ಡಾಕ್ಟರ ಬಾಯಿಂದ ಆ ಪದ ಬಿದ್ದಾಗ ನನ್ನ ತಲೆಗೆ ಮೊದಲು ಬಂದದ್ದು ಜನವರಿ 31. ಟ್ಯಾಕ್ಸ್ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಅಷ್ಟು ಕ್ಲೈಂಟುಗಳ ಫೈಲು ಯಾರು ನೋಡುತ್ತಾರೆ ಎಂದು ಯೋಚಿಸಿದೆ. ಸಾವು, ಮಕ್ಕಳು, ಅಮ್ಮ ಎಲ್ಲ ಆಮೇಲೆ, ಕಾರ್ ಪಾರ್ಕಿನಲ್ಲಿ ನೆನಪಾದರು.

ಮನೆಯಲ್ಲಿ ಆಗಲೇ ಎರಡು ಪಕ್ಷ. ನಮ್ಮ ಯಜಮಾನರು, "ಏನೇನಿದೆಯೋ ಎಲ್ಲಾ ಮಾಡಿಸಿಬಿಡೋಣ, ಒಂದನ್ನೂ ಬಿಡುವುದು ಬೇಡ" ಅಂದರು. ಅಮ್ಮ ಊರಿಂದ ವಾಟ್ಸಾಪಿನಲ್ಲಿ ಅಳುತ್ತಾ, "ಕೀಮೋ ಒಂದು ಬೇಡ ಕಣೇ, ಹಿಂದಿನ ಬೀದಿಯ ಟೀಚರಮ್ಮ ಕಾಯಿಲೆಯಿಂದ ಹೋಗಲಿಲ್ಲ, ಕೀಮೋದಿಂದ ಹೋದರು" ಅಂದಳು. ಇಬ್ಬರ ಮಾತಿನಲ್ಲೂ ಪ್ರೀತಿಯಿತ್ತು, ಭಯವಿತ್ತು. ಒಂದು ಅಂಕಿ ಇರಲಿಲ್ಲ. ಇಪ್ಪತ್ತು ವರ್ಷ ಅಂಕಿಗಳ ಜೊತೆ ಬದುಕಿದ ನನಗೆ ಅದು ಸಾಲಲಿಲ್ಲ.

ಆಪರೇಷನ್ ಆದಮೇಲೂ ಕೀಮೋ ಏಕೆ?

ಗಂಟು ತೆಗೆದಾಯಿತು. ಅಂಚುಗಳಲ್ಲಿ ಏನೂ ಉಳಿದಿಲ್ಲ, ಕಂಕುಳಿನ ಗ್ರಂಥಿಗಳಿಗೂ ಹೋಗಿಲ್ಲ ಎಂದರು. ಹಾಗಾದರೆ ಕೀಮೋ ಯಾವುದಕ್ಕೆ? ನಾನು ಕೇಳಿದ ಮೊದಲ ಪ್ರಶ್ನೆ ಇದೇ.

ಕೆಲವರಲ್ಲಿ ಆಪರೇಷನ್ನಿಗೆ ಮೊದಲೇ ಬೆರಳೆಣಿಕೆಯ ಕ್ಯಾನ್ಸರ್ ಕಣಗಳು ರಕ್ತದಲ್ಲಿ ಹೊರಟು ಮೂಳೆ, ಶ್ವಾಸಕೋಶ, ಯಕೃತ್ತಿನಲ್ಲಿ ಹೋಗಿ ಕೂತಿರುತ್ತವೆ. ಯಾವ ಸ್ಕ್ಯಾನಿಗೂ ಕಾಣದಷ್ಟು ಚಿಕ್ಕವು. ವರ್ಷಗಳ ನಂತರ ಬೆಳೆದು ಕಾಣಿಸಿಕೊಂಡರೆ ಆಗ ಕಾಯಿಲೆಯನ್ನು ಹಿಡಿತದಲ್ಲಿಡಬಹುದು, ಪೂರ್ತಿ ಗುಣಪಡಿಸುವುದು ಬಹಳ ಕಷ್ಟ. ಯಾರಲ್ಲಿ ಅವು ಹೋಗಿವೆ, ಯಾರಲ್ಲಿ ಇಲ್ಲ ಎಂದು ಖಚಿತವಾಗಿ ಹೇಳುವ ಪರೀಕ್ಷೆ ನನ್ನ ಮುಂದೆ ಇರಲಿಲ್ಲ. ಆದ್ದರಿಂದ ಮುನ್ನೆಚ್ಚರಿಕೆಯಾಗಿ ಇಡೀ ದೇಹಕ್ಕೆ ಔಷಧಿ ಕೊಡುತ್ತಾರೆ.

ನಮ್ಮ ಕಸುಬಿನಲ್ಲಿ ಇದಕ್ಕೆ ಹತ್ತಿರದ್ದು ಒಂದಿದೆ. ನೂರು ಗಿರಾಕಿಗಳಿಗೆ ಸಾಲ ಕೊಟ್ಟಿರುತ್ತೀರಿ, ಕೆಲವರು ಕೈ ಎತ್ತುತ್ತಾರೆ ಎಂದು ಗೊತ್ತು, ಯಾರೆಂದು ಗೊತ್ತಿಲ್ಲ. ಅದಕ್ಕೇ ಪುಸ್ತಕದಲ್ಲಿ ಒಂದು ಮೊತ್ತವನ್ನು ಪ್ರಾವಿಷನ್ ಎಂದು ಬದಿಗಿಡುತ್ತೇವೆ. ಎಷ್ಟು ಇಡಬೇಕು ಎಂಬುದು ಹಳೆಯ ಅನುಭವದ ಮೇಲೆ ನಿಲ್ಲುತ್ತದೆ. ಕಡಿಮೆ ಇಟ್ಟರೆ ಅಪಾಯ. ವಿಪರೀತ ಇಟ್ಟರೂ ವ್ಯಾಪಾರಕ್ಕೆ ಪೆಟ್ಟು.

ಕೀಮೋದ ಪೆಟ್ಟೂ ಹಾಗೆಯೇ ವಿವರಿಸಬಹುದು. ವೇಗವಾಗಿ ಒಡೆದು ಇಬ್ಭಾಗವಾಗುವ ಕಣಗಳನ್ನು ಅದು ಕೊಲ್ಲುತ್ತದೆ. ಕ್ಯಾನ್ಸರ್ ಕಣ ಹಾಗೆ ಬೆಳೆಯುತ್ತದೆ. ಕೂದಲಿನ ಬೇರು, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗೆ ರಕ್ತ ತಯಾರಾಗುವ ಜಾಗ, ಇವೂ ಹಾಗೆಯೇ ಬೆಳೆಯುತ್ತವೆ. ಆದ್ದರಿಂದ ಕೂದಲು ಉದುರುತ್ತದೆ, ವಾಂತಿ, ಬಾಯಿಹುಣ್ಣು ಬರುತ್ತವೆ, ಬಿಳಿರಕ್ತಕಣ ಇಳಿದು ಸೋಂಕಿನ ಭಯ ಇರುತ್ತದೆ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ನಿಧಾನವಾಗಿ ಬೆಳೆಯುವ ಕ್ಯಾನ್ಸರಿನ ಮೇಲೆ ಕೀಮೋಗೆ ಹಿಡಿತ ಕಡಿಮೆ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ

ಪೆಥಾಲಜಿ ರಿಪೋರ್ಟಿನಲ್ಲಿ ನೋಡಬೇಕಾದ ಸಾಲುಗಳು ಐದಾರು. ಗಡ್ಡೆ ಎಷ್ಟು ಸೆಂಟಿಮೀಟರು? ಗ್ರೇಡ್ ಒಂದೋ, ಎರಡೋ, ಮೂರೋ? ಮೂರು ಅಂದರೆ ವೇಗವಾಗಿ ಬೆಳೆಯುವ ಜಾತಿ. ಕಂಕುಳಿನ ಎಷ್ಟು ಗ್ರಂಥಿಗಳನ್ನು ತೆಗೆದು ನೋಡಿದರು, ಅದರಲ್ಲಿ ಎಷ್ಟಕ್ಕೆ ಹರಡಿತ್ತು? ಇಆರ್ ಪಾಸಿಟಿವೋ ನೆಗೆಟಿವೋ? ಹರ್‌ಟೂ ಪಾಸಿಟಿವೋ ನೆಗೆಟಿವೋ? ಇವುಗಳ ಜೊತೆ ವಯಸ್ಸು, ಮುಟ್ಟು ನಿಂತಿದೆಯೇ ಇಲ್ಲವೇ.

ಇಆರ್ ಪಾಸಿಟಿವ್ ಎಂದರೆ ಆ ಕ್ಯಾನ್ಸರಿಗೆ ಈಸ್ಟ್ರೋಜನ್ ಎಂಬ ಹಾರ್ಮೋನೇ ಆಹಾರ. ಹೆಚ್ಚಿನ ಸ್ತನ ಕ್ಯಾನ್ಸರುಗಳು ಈ ಜಾತಿಯವು. ಇವಕ್ಕೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯಿದೆ, ದಿನಕ್ಕೊಂದು. ಐದು ವರ್ಷ ತೆಗೆದುಕೊಂಡರೆ ಮೊದಲ ಹದಿನೈದು ವರ್ಷಗಳಲ್ಲಿ ಈ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಇಷ್ಟು ಚಿಕ್ಕ ಮಾತ್ರೆಯನ್ನು ಜನ ಔಷಧಿ ಎಂದೇ ಲೆಕ್ಕಕ್ಕಿಡುವುದಿಲ್ಲ. ಇಂಥವರಲ್ಲಿ ಕೇಳಬೇಕಾದದ್ದು "ಕೀಮೋದಿಂದ ಲಾಭವೆಷ್ಟು" ಎಂದಲ್ಲ, "ಮಾತ್ರೆಯ ಮೇಲೆ ಕೀಮೋ ಸೇರಿಸಿದರೆ ಇನ್ನೂ ಎಷ್ಟು ಲಾಭ" ಎಂದು.

ಹರ್‌ಟೂ ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಎಂಬ ನಿರ್ದಿಷ್ಟ ಔಷಧಿಯಿದೆ, ಅದನ್ನು ಸಾಮಾನ್ಯವಾಗಿ ಕೀಮೋ ಜೊತೆಗೇ ಕೊಡುತ್ತಾರೆ. ಮೂರೂ ನೆಗೆಟಿವ್, ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್‌ಟೂ ಯಾವುದೂ ಇಲ್ಲದ ಕ್ಯಾನ್ಸರಿಗೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಅಲ್ಲಿ ಮಾತ್ರೆ ಕೆಲಸ ಮಾಡುವುದಿಲ್ಲ. ಈ ಜಾತಿಗೆ ಮುಖ್ಯ ಆಯುಧ ಕೀಮೋನೇ. ನಮ್ಮ ಅಕ್ಕನ ರಿಪೋರ್ಟಿನಲ್ಲಿ ಇದ್ದದ್ದು ಇದು.

ನನ್ನದು 1.7 ಸೆಂಟಿಮೀಟರ್, ಗ್ರೇಡ್ ಎರಡು, ಗ್ರಂಥಿಗಳು ಶುದ್ಧ, ಇಆರ್ ಜೋರಾಗಿ ಪಾಸಿಟಿವ್, ಹರ್‌ಟೂ ನೆಗೆಟಿವ್.

"ಮೂರನೇ ಒಂದು ಭಾಗ" ಎಂಬ ಮಾತಿನ ಮೋಸ

ಇಲ್ಲಿ ಅಕೌಂಟೆಂಟಿನ ಒಂದು ಪಾಠ. ಕೀಮೋ ತೆಗೆದುಕೊಂಡರೆ ಅಪಾಯ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಯಾರೋ ಹೇಳುತ್ತಾರೆ ಅಂದುಕೊಳ್ಳಿ. ಸುಳ್ಳಲ್ಲ, ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಬಂದ ಅಂದಾಜು ಸುಮಾರು ಅಷ್ಟೇ. ಆದರೆ ಯಾವುದರ ಮೂರನೇ ಒಂದು ಭಾಗ?

ನೂರು ಹೆಂಗಸರಲ್ಲಿ ಮೂವತ್ತು ಜನಕ್ಕೆ ಕಾಯಿಲೆ ಮರಳುವ ಗುಂಪನ್ನು ತೆಗೆದುಕೊಳ್ಳಿ. ಕೀಮೋದಿಂದ ಹತ್ತು ಜನ ಉಳಿಯುತ್ತಾರೆ. ನೂರರಲ್ಲಿ ಆರೇ ಜನಕ್ಕೆ ಮರಳುವ ಗುಂಪಾದರೆ? ಎರಡು ಜನ. ಹೇಳುವ ಮಾತು ಎರಡೂ ಕಡೆ ಒಂದೇ, "ಮೂರನೇ ಒಂದು ಭಾಗ". ಕೈಗೆ ಸಿಗುವುದು ಒಂದು ಕಡೆ ಹತ್ತು, ಇನ್ನೊಂದು ಕಡೆ ಎರಡು. ಎರಡೂ ಗುಂಪಿನಲ್ಲಿ ಕೂದಲು ಉದುರುವುದು ಮಾತ್ರ ನೂರೂ ಜನರಿಗೆ.

ಅಂಗಡಿಯವನು "ಶೇಕಡಾ 33 ರಿಯಾಯಿತಿ" ಎಂದಾಗ ನಾವು ಕೇಳುವುದೇನು? ಅಸಲು ಬೆಲೆ ಎಷ್ಟಪ್ಪಾ ಎಂದು. ಆಸ್ಪತ್ರೆಯಲ್ಲೂ ಅದನ್ನೇ ಕೇಳಬೇಕು. "ನನ್ನಂಥ ನೂರು ಜನ ಕೀಮೋ ಇಲ್ಲದೇ ಇದ್ದರೆ ಹತ್ತು ವರ್ಷದ ನಂತರ ಎಷ್ಟು ಜನ ಚೆನ್ನಾಗಿರುತ್ತಾರೆ? ಕೀಮೋ ತೆಗೆದುಕೊಂಡರೆ ಎಷ್ಟು ಜನ?" ಬ್ರಿಟನ್ನಿನ ಡಾಕ್ಟರುಗಳು ಇದಕ್ಕೆ ಪ್ರೆಡಿಕ್ಟ್ ಎಂಬ ಲೆಕ್ಕದ ಸಾಧನ ಬಳಸುತ್ತಾರೆ. ಕೇಂಬ್ರಿಜ್‌ನಲ್ಲಿ ರೂಪಿಸಿದ್ದು. ರಿಪೋರ್ಟಿನ ಅಂಕಿಗಳನ್ನು ತುಂಬಿದರೆ ಬರೀ ಆಪರೇಷನ್ನಿಂದ ಎಷ್ಟು, ಹಾರ್ಮೋನ್ ಮಾತ್ರೆಯಿಂದ ಇನ್ನೆಷ್ಟು, ಕೀಮೋದಿಂದ ಇನ್ನೆಷ್ಟು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಡಾಕ್ಟರ ಜೊತೆ ಕೂತು ನೋಡಿ, ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತು ನೋಡಬೇಡಿ. ನಾನು ಆ ತಪ್ಪು ಮಾಡಿದ್ದೇನೆ.

ಗಡ್ಡೆಯನ್ನೇ ಕೇಳುವ ಪರೀಕ್ಷೆ

ಮಿಲಾನ್‌ನ ಬೊನಾಡೊನ್ನಾ ಅವರ ತಂಡ ಮೂರು ಔಷಧಿಗಳ ಕೀಮೋದಿಂದ ಕಾಯಿಲೆ ಮರಳುವುದು ಕಡಿಮೆಯಾಗುತ್ತದೆ ಎಂದು 1976ರಲ್ಲಿ ಪ್ರಕಟಿಸಿತು. ಅಲ್ಲಿಂದ ಮುಂದೆ ಕೀಮೋ ಪಡೆಯುವವರ ಸಂಖ್ಯೆ ಬೆಳೆಯುತ್ತಲೇ ಹೋಯಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ, ಗ್ರಂಥಿಗೆ ಹರಡಿರಲಿ ಬಿಡಲಿ, ಹೆಚ್ಚಿನ ಹೆಂಗಸರಿಗೆ ಕೀಮೋ ಕೊಡುವುದು ಸೂಕ್ತ ಎಂದಿತ್ತು. ಅದರಿಂದ ಎಷ್ಟೋ ಜೀವ ಉಳಿದವು. ಬೇಕಿಲ್ಲದ ಎಷ್ಟೋ ಜನರೂ ಕೀಮೋ ಪಡೆದರು.

ಅವರನ್ನು ಬೇರ್ಪಡಿಸಲು ಬಂದದ್ದು ಜೀನ್ ಪರೀಕ್ಷೆಗಳು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಆಂಕೊಟೈಪ್ ಡಿಎಕ್ಸ್ ತೆಗೆದ ಗಡ್ಡೆಯ ಚೂರಿನಲ್ಲಿ 21 ಜೀನ್‌ಗಳನ್ನು ನೋಡಿ 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಅಂಕ ಹೆಚ್ಚಾದಷ್ಟೂ ಕಾಯಿಲೆ ಮರಳುವ ಸಂಭವ ಹೆಚ್ಚು, ಕೀಮೋದ ಪ್ರಯೋಜನವೂ ಹೆಚ್ಚು. ಇದು ಇಆರ್ ಪಾಸಿಟಿವ್, ಹರ್‌ಟೂ ನೆಗೆಟಿವ್ ಇರುವವರಿಗೆ ಮಾತ್ರ. ಟ್ರಿಪಲ್ ನೆಗೆಟಿವ್ ಇರುವವರಿಗಲ್ಲ.

ಈ ಅಂಕವನ್ನು ನಂಬಬಹುದೇ ಎಂದು ಪರೀಕ್ಷಿಸಿದ್ದು ಟೈಲರ್‌ಎಕ್ಸ್ ಎಂಬ ಅಧ್ಯಯನ. ಗ್ರಂಥಿಗೆ ಹರಡದ 10,273 ಹೆಂಗಸರು ಸೇರಿಕೊಂಡಿದ್ದರು. 11ರಿಂದ 25ರವರೆಗಿನ ಅಂಕದವರಲ್ಲಿ ಅರ್ಧ ಜನಕ್ಕೆ ಹಾರ್ಮೋನ್ ಔಷಧಿ ಮಾತ್ರ, ಅರ್ಧ ಜನಕ್ಕೆ ಅದರ ಜೊತೆ ಕೀಮೋ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2018ರಲ್ಲಿ ಫಲಿತಾಂಶ ಬಂತು. ಒಂಬತ್ತು ವರ್ಷದ ನಂತರ ಬದುಕಿದ್ದವರು ಕೀಮೋ ಇಲ್ಲದೇ ನೂರಕ್ಕೆ 93.9, ಕೀಮೋ ಜೊತೆ 93.8. ವ್ಯತ್ಯಾಸವೇ ಇಲ್ಲ. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನ ನೈಸ್ ಸಂಸ್ಥೆಯೂ ಗ್ರಂಥಿಗೆ ಹರಡದ ಕೆಲವು ಗುಂಪಿನವರಿಗೆ ಇಂಥ ಪರೀಕ್ಷೆ ಮಾಡಿಸಬಹುದು ಎಂದಿತು.

ಆದರೆ ನನ್ನಂಥವರಿಗೆ ಒಂದು ಕೊಕ್ಕೆಯಿತ್ತು. 50 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಕ 16ರಿಂದ 20 ಇದ್ದರೆ, ದೂರದ ಅಂಗಗಳಿಗೆ ಹರಡುವುದು ಕೀಮೋದಿಂದ ನೂರಕ್ಕೆ 1.6ರಷ್ಟು ತಗ್ಗಿತು. 21ರಿಂದ 25 ಇದ್ದರೆ 6.5ರಷ್ಟು. ಒಂದರಿಂದ ಮೂರು ಗ್ರಂಥಿಗಳಿಗೆ ಹರಡಿದವರ ಮೇಲೆ ನಡೆದ ಇನ್ನೊಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಂಕ 25ರೊಳಗಿದ್ದು ಮುಟ್ಟು ನಿಂತವರಿಗೆ ಕೀಮೋದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ, ಮುಟ್ಟು ನಿಲ್ಲದವರಿಗೆ ಕಂಡಿತು. ಕಾರಣದ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಕೀಮೋ ಅಂಡಾಶಯವನ್ನು ನಿಲ್ಲಿಸಿ ಈಸ್ಟ್ರೋಜನ್ ತಗ್ಗಿಸುವುದೇ ಆ ಲಾಭದ ಒಂದು ಪಾಲು ಇರಬಹುದು ಎಂಬುದು ಒಂದು ವಾದ. ಹಾಗಿದ್ದರೆ ತಿಂಗಳಿಗೊಂದು ಇಂಜೆಕ್ಷನ್ನಿನಿಂದಲೂ ಅಂಡಾಶಯವನ್ನು ನಿಲ್ಲಿಸಬಹುದಲ್ಲ?

ನನ್ನ ಗಡ್ಡೆಯ ಚೂರು ಕ್ಯಾಲಿಫೋರ್ನಿಯಾದ ಪ್ರಯೋಗಾಲಯಕ್ಕೆ ಹೋಯಿತು. ಎರಡು ವಾರ ಕಾದೆವು. ಅಂಕ ಬಂತು: 19.

19 ಎಂಬ ಅಂಕಿ

ಆಂಕಾಲಜಿಸ್ಟ್ ನಿಧಾನವಾಗಿ ವಿವರಿಸಿದರು. ನನ್ನ ವಯಸ್ಸು ಮತ್ತು ಅಂಕಕ್ಕೆ ಕೀಮೋದ ಹೆಚ್ಚುವರಿ ಲಾಭ ನೂರಕ್ಕೆ ಒಂದೂವರೆ ಆಸುಪಾಸು. 2019ರಲ್ಲಿ ಅದೇ ಅಧ್ಯಯನದ ಅಂಕಿಗಳಿಗೆ ಗಡ್ಡೆಯ ಗಾತ್ರ, ಗ್ರೇಡ್ ಸೇರಿಸಿ ನೋಡಿದಾಗ, ಚಿಕ್ಕ ಗಡ್ಡೆಯ ನನ್ನಂಥವರಲ್ಲಿ ಆ ಲಾಭವೂ ಕಾಣಲಿಲ್ಲ. ಗಡ್ಡೆ ದೊಡ್ಡದಿದ್ದವರಲ್ಲಿ ಅದೇ ಅಂಕಕ್ಕೂ ಲಾಭ ಕಂಡಿತ್ತು. ಅಂದರೆ ನನ್ನ ಪಾಲಿಗೆ ಸೊನ್ನೆಯಿಂದ ಎರಡರ ನಡುವೆ ಎಲ್ಲೋ.

ಇನ್ನೊಂದು ಕಡೆಯ ಖಾತೆಯನ್ನೂ ಬರೆದುಕೊಂಡೆ. ಮೂರು ವಾರಕ್ಕೊಮ್ಮೆಯಂತೆ ಮೂರರಿಂದ ಐದು ತಿಂಗಳು. ಕೂದಲು, ಸುಸ್ತು, ಜ್ವರ ಬಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಓಡುವುದು. ಬೆರಳ ತುದಿ ಜೋಮು ಹಿಡಿಯುವುದು, ಕೆಲವರಿಗೆ ಅದು ಉಳಿದೇಬಿಡುತ್ತದೆ. ಮುಟ್ಟು ಬೇಗ ನಿಲ್ಲುವುದು. ಹೃದಯಕ್ಕೆ ತೊಂದರೆ, ರಕ್ತದ ಕ್ಯಾನ್ಸರ್, ಇವು ವಿರಳ, ಆದರೆ ಸೊನ್ನೆಯಲ್ಲ.

ಇವೆಲ್ಲದರ ಜೊತೆ ನಮ್ಮಂಥ ಪರದೇಶವಾಸಿಗಳ ಖಾತೆಯಲ್ಲಿ ಇನ್ನೊಂದು ಸಾಲು. ಊರಿನಲ್ಲಿದ್ದರೆ ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ಇರುತ್ತಾರೆ. ಇಲ್ಲಿ ಜ್ವರ ಬಂದ ರಾತ್ರಿ ಒಬ್ಬರು ಆಸ್ಪತ್ರೆಗೆ ಹೋದರೆ ಮಕ್ಕಳ ಬಳಿ ಯಾರು? ಇದು ಚಿಕ್ಕ ವಿಷಯವಲ್ಲ. ಆದರೆ ನೂರಕ್ಕೆ ಹತ್ತು ಲಾಭವಿದ್ದಾಗ ಈ ಕಾರಣಕ್ಕೆ ಕೀಮೋ ಬಿಡಬಾರದು. ಆಗ ಸಂಘಕ್ಕೆ ಫೋನ್ ಮಾಡಬೇಕು. ಸಂಘ ಇರುವುದು ಯುಗಾದಿ ಊಟಕ್ಕೆ ಮಾತ್ರವಲ್ಲ.

ಕೆಲಸದ ಚಿಂತೆ ಇರುವವರಿಗೆ ಎರಡು ಮಾತು. ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದಲೇ ನಿಮಗೆ ರಕ್ಷಣೆಯಿದೆ. ಚಿಕಿತ್ಸೆಗೆ ಹೊಂದುವ ಹಾಗೆ ಕೆಲಸದ ವೇಳೆ, ರೀತಿ ಬದಲಿಸಿಕೊಡಿ ಎಂದು ಕೇಳುವ ಹಕ್ಕಿದೆ. ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳು ಔಷಧಿ ಚೀಟಿಗೆ ಹಣ ಕೊಡದಿರಲು ವಿನಾಯಿತಿ ಪತ್ರವಿದೆ, ಜಿಪಿ ಹತ್ತಿರ ಅರ್ಜಿ ಸಿಗುತ್ತದೆ. ಕೆಲಸ ಹೋದೀತು ಎಂಬ ಹೆದರಿಕೆಯಿಂದ ಚಿಕಿತ್ಸೆ ತೀರ್ಮಾನ ಮಾಡಬೇಡಿ.

ನಾನು ದೊಡ್ಡದೊಂದು ಸ್ಪ್ರೆಡ್‌ಶೀಟ್ ಮಾಡಿದೆ. ಹತ್ತು ದಿನ ಕುಸ್ತಿ ಮಾಡಿದ ಮೇಲೆ ಒಂದು ವಿಷಯ ಹೊಳೆಯಿತು. ನೂರು ಜನರ ಲೆಕ್ಕ ನನ್ನನ್ನು ಬಾಗಿಲವರೆಗೆ ತಂದು ಬಿಡುತ್ತದೆ, ಒಳಗೆ ಕಾಲಿಡುವವಳು ನಾನೊಬ್ಬಳೇ. ನನಗೆ ಕಾಯಿಲೆ 1.6ರಷ್ಟು ಮರಳುವುದಿಲ್ಲ. ಮರಳುತ್ತದೆ, ಇಲ್ಲವೇ ಇಲ್ಲ. ಒಂದರಷ್ಟು ಲಾಭವಿದ್ದರೂ ಕೀಮೋ ಬೇಕು ಎನ್ನುವ ಹೆಂಗಸರು ಬಹಳ ಜನ ಇದ್ದಾರೆ, ಕೀಮೋ ಪಡೆದವರನ್ನೇ ಕೇಳಿದ ಅಧ್ಯಯನಗಳಲ್ಲೂ ಅನೇಕರು ಹಾಗೆ ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬಾಕೆಗೆ ನನ್ನದೇ ಸುಮಾರು ಅಂಕ. ಆಕೆ ಕೀಮೋ ತೆಗೆದುಕೊಂಡರು. "ಮುಂದೆ ಏನಾದರೂ ಆದರೆ, ಕೈಲಾದದ್ದು ಮಾಡಲಿಲ್ಲ ಅನ್ನುವ ಕೊರಗು ನನಗೆ ಬೇಡ" ಅಂದರು. ಆಕೆಯದು ತಪ್ಪು ಎನ್ನಲು ನನ್ನಲ್ಲಿ ಯಾವ ಅಂಕಿಯೂ ಇಲ್ಲ.

ಕೊನೆಗೆ ಯಜಮಾನರ ಮುಂದೆ ಕೂತೆ. ಅವರು ಇನ್ನೂ "ಎಲ್ಲಾ ಮಾಡಿಸಿಬಿಡೋಣ" ಎಂಬಲ್ಲೇ ಇದ್ದರು. ನಾನು ಕೇಳಿದೆ: "ಅಷ್ಟು ಲಾಭಕ್ಕೆ ಇಷ್ಟು ಕಷ್ಟ ಪಡುವವಳು ನಾನು. ನಿಮ್ಮ ಭಯ ಕಳೆಯಲು ಕೀಮೋ ತಗೊಳ್ಳಲೋ, ನನ್ನ ಕಾಯಿಲೆ ಕಳೆಯಲೋ?" ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಎರಡು ಲೋಟ ಕಾಫಿ ಮಾಡಿಕೊಂಡು ಬಂದರು. ಮಾರನೇ ದಿನ ಇಬ್ಬರೂ ಹೋಗಿ ಹೇಳಿ ಬಂದೆವು. ಕೀಮೋ ಬೇಡ. ಐದು ದಿನ ರೇಡಿಯೋಥೆರಪಿ, ದಿನಾ ಟ್ಯಾಮಾಕ್ಸಿಫೆನ್, ಅಂಡಾಶಯ ನಿಲ್ಲಿಸುವ ಮಾಸಿಕ ಇಂಜೆಕ್ಷನ್. ಇವೂ ಸುಖವಲ್ಲ. ಡಿಸೆಂಬರಿನ ಮೀಟಿಂಗಿನಲ್ಲಿ ಎಲ್ಲರೂ ಕೋಟು ಹಾಕಿ ಕೂತಿರುವಾಗ ನಾನು ಮಾತ್ರ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿರುತ್ತೇನೆ.

ಮತ್ತೆ ಅಕ್ಕನ ಕಡೆಗೆ

ಆ ದಿನ ಫೋನಿನಲ್ಲಿ ನಾನು ಅಕ್ಕನಿಗೆ ಹೇಳಿದ್ದು: "ನಿನ್ನ ರಿಪೋರ್ಟಿನ ಫೋಟೋ ಕಳಿಸು, ಆಮೇಲೆ ಮಾತಾಡೋಣ." ಬಂತು. ಗ್ರೇಡ್ ಮೂರು, ಒಂದು ಗ್ರಂಥಿಗೆ ಹರಡಿದೆ, ಟ್ರಿಪಲ್ ನೆಗೆಟಿವ್. ನನ್ನ ಬಳಿ ಮಾತ್ರೆ ಎಂಬ ಗುರಾಣಿ ಇತ್ತು, ಅವಳ ಬಳಿ ಇರಲಿಲ್ಲ. ನನಗೆ ಸೊನ್ನೆಯಿಂದ ಎರಡು ಇದ್ದ ಲಾಭ ಅವಳಿಗೆ ಹತ್ತಕ್ಕೂ ಹೆಚ್ಚು ಎಂದು ಅವಳ ಡಾಕ್ಟರೇ ಆಮೇಲೆ ಬಿಡಿಸಿ ಹೇಳಿದರು. ನಮ್ಮಿಬ್ಬರ ನಡುವೆ ಸಮಾನವಾಗಿದ್ದದ್ದು ಕಾಯಿಲೆಯ ಹೆಸರು, ಅಜ್ಜಿಯ ಮೂಗು, ಅಷ್ಟೇ.

"ಅಕ್ಕಾ, ನಿನ್ನ ರಿಪೋರ್ಟು ನನ್ನದಾಗಿದ್ದರೆ ನಾನು ನಾಳೆನೇ ಕೀಮೋಗೆ ಹೋಗ್ತಿದ್ದೆ" ಎಂದೆ. ಅವಳು ಅತ್ತಳು. ನಾನೂ ಅತ್ತೆ. ಆಪರೇಷನ್ ಆಗಿ ಐದು ವಾರವಾಗಿತ್ತು. ಯೋಚಿಸಲು ಕೆಲವು ವಾರ ಇರುತ್ತದೆ, ಆದರೆ ಮೂರು ತಿಂಗಳು ದಾಟಬಾರದು ಎಂದು ನನಗೆ ಇಲ್ಲಿ ಹೇಳಿದ್ದರು. ಮುಂದಿನ ವಾರವೇ ಅವಳು ಶುರು ಮಾಡಿದಳು. ಕಷ್ಟಪಟ್ಟಳು, ಎರಡು ಸಲ ಜ್ವರ ಬಂದು ದಾಖಲಾದಳು, ಮುಗಿಸಿದಳು. ಈಗ ತಲೆತುಂಬಾ ಗುಂಗುರು ಕೂದಲು ಬಂದಿದೆ. ಚಿಕ್ಕವಳಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ ಎನ್ನುತ್ತಾಳೆ.

ಊರಿನಲ್ಲಿರುವ ನಿಮ್ಮವರಿಗೆ ಜೀನ್ ಪರೀಕ್ಷೆಯ ಪ್ರಶ್ನೆ ಬಂದರೆ ಒಂದು ಮಾಹಿತಿ. ಹೊರದೇಶದ ಪರೀಕ್ಷೆಗೆ ಲಕ್ಷಗಟ್ಟಲೆ ರೂಪಾಯಿ ಆಗುತ್ತದೆ. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆಯನ್ನು ರೂಪಿಸಿದೆ, ಅದರ ಬೆಲೆ ಕಡಿಮೆ. ಸರಿಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳಬೇಕು.

ಕೇಳಬೇಕಾದ ಆರು ಪ್ರಶ್ನೆಗಳು

ಇಷ್ಟನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿರಲಿ ಎಂದು ಹಾರೈಸುತ್ತೇನೆ, ಆದರೆ ಯಾರಿಗಾದರೂ ಬೇಕಾಗುತ್ತದೆ.

1. ನನ್ನದು ಯಾವ ಜಾತಿಯ ಸ್ತನ ಕ್ಯಾನ್ಸರ್? ಇಆರ್, ಹರ್‌ಟೂ, ಗ್ರೇಡ್, ಗ್ರಂಥಿ, ಎಲ್ಲ ಬರೆದುಕೊಡಿ.
2. ಕೀಮೋ ಇಲ್ಲದೇ, ಉಳಿದೆಲ್ಲ ಚಿಕಿತ್ಸೆ ಪಡೆದ ನನ್ನಂಥ ನೂರು ಜನರಲ್ಲಿ ಹತ್ತು ವರ್ಷದ ನಂತರ ಎಷ್ಟು ಜನ ಚೆನ್ನಾಗಿರುತ್ತಾರೆ?
3. ಕೀಮೋ ಸೇರಿಸಿದರೆ ಆ ಸಂಖ್ಯೆ ಎಷ್ಟಾಗುತ್ತದೆ?
4. ಜೀನ್ ಪರೀಕ್ಷೆ ನನಗೆ ಅನ್ವಯಿಸುತ್ತದೆಯೇ? ಅದರ ಉತ್ತರದಿಂದ ನಿಮ್ಮ ಸಲಹೆ ಬದಲಾಗುತ್ತದೆಯೇ?
5. ನನ್ನ ವಯಸ್ಸಿಗೆ, ನನಗಿರುವ ಬೇರೆ ಕಾಯಿಲೆಗಳಿಗೆ ಯಾವ ಅಡ್ಡಪರಿಣಾಮ ಉಳಿದುಕೊಳ್ಳಬಹುದು? ಮಕ್ಕಳಾಗಬೇಕು ಎಂದಿದ್ದರೆ ಶುರು ಮಾಡುವ ಮುಂಚೆ ಏನು ಮಾಡಬೇಕು?
6. ತೀರ್ಮಾನಕ್ಕೆ ಎಷ್ಟು ದಿನ ಸಮಯವಿದೆ?

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಬರೆದುಕೊಳ್ಳಲು ಹೇಳಿ. ಇಂಗ್ಲಿಷ್ ಕಷ್ಟವಾಗುವ ಹಿರಿಯರಿದ್ದರೆ ಆಸ್ಪತ್ರೆಯಲ್ಲಿ ದುಭಾಷಿ ಬೇಕೆಂದು ಮೊದಲೇ ಕೇಳಿ. ಮಗನೋ ಸೊಸೆಯೋ ಅನುವಾದಿಸಿದರೆ ಕಹಿ ಮಾತನ್ನು ನುಂಗಿಬಿಡುತ್ತಾರೆ. ಗಂಡಸರಲ್ಲಿ ಒಂದು ವಿನಂತಿ. ಅಂಕಿ ಹುಡುಕಿಕೊಡಿ, ಕಾರು ಓಡಿಸಿ, ಅಡಿಗೆ ಮಾಡಿ. ತೀರ್ಮಾನವನ್ನು ಅವರಿಗೆ ಬಿಡಿ.

ನಮ್ಮ ಆಡಿಟ್ ವರದಿಯಲ್ಲಿ ಒಂದು ಮಾತು ತಪ್ಪದೇ ಇರುತ್ತದೆ. ನಾವು ಕೊಡುವುದು ಸಮಂಜಸವಾದ ಭರವಸೆ, ಸಂಪೂರ್ಣ ಭರವಸೆಯಲ್ಲ. ಕೀಮೋ ತೆಗೆದುಕೊಂಡ ಅಕ್ಕನಿಗೂ ತೆಗೆದುಕೊಳ್ಳದ ನನಗೂ ಸಿಕ್ಕಿರುವುದು ಅಷ್ಟೇ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಮಿನ ದಿನ ಹತ್ತಿರವಾದಾಗ ನನಗೆ ಈಗಲೂ ನಿದ್ದೆ ಬರುವುದಿಲ್ಲ. ನಾಳೆ ಕಾಯಿಲೆ ಮರಳಿದರೆ ನನ್ನ ತೀರ್ಮಾನ ತಪ್ಪಾಗಿತ್ತು ಎಂದು ಜನ ಹೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಆ ದಿನ ಕೈಯಲ್ಲಿದ್ದ ಕಾಗದಗಳನ್ನೆಲ್ಲ ಓದಿ, ಕೇಳಬೇಕಾದದ್ದನ್ನು ಕೇಳಿ, ತಿಳಿದು ಸಹಿ ಮಾಡಿದ್ದೇನೆ.

ನಿಮ್ಮ ಮನೆಯಲ್ಲಿ, ಊರಿನಲ್ಲಿ ಯಾರಿಗಾದರೂ ಈ ಕಾಯಿಲೆ ಬಂದು, "ಅವರು ಕೀಮೋ ತಗೊಂಡ್ರಂತೆ, ಇವರು ತಗೊಳ್ಳಲಿಲ್ಲವಂತೆ" ಎಂಬ ಮಾತು ಶುರುವಾದರೆ ದಯವಿಟ್ಟು ನನ್ನ ಕಥೆ ಹೇಳಬೇಡಿ. ಅವರ ರಿಪೋರ್ಟು ಕೇಳಿ.